ಹಾಂಗುಕ್ ಸಾರಾಮ್, ಜೊಸನ್ ಸಾರಾಮ್

ಬುಧವಾರ, 9 ಅಕ್ಟೋಬರ್ 2024

ದಕ್ಷಿಣ ಕೊರಿಯಾದಲ್ಲಿ ಇಂದು ಹಾಂಗುಲ್ ದಿನ, ಲಿಪಿಯ ಹೆಸರಿನಲ್ಲಿ ಸರ್ಕಾರಿ ರಜೆ. ಅದೇ ಲಿಪಿಯ ಹಬ್ಬ ಉತ್ತರದಲ್ಲಿ ಜನವರಿ 15ಕ್ಕೆ. ಅಲ್ಲಿ ಲಿಪಿಯ ಹೆಸರು ಜೊಸನ್‌ಗುಲ್. ಜನರ ಹೆಸರಿನ ಕಥೆಯೂ ಹೀಗೇ. 'ಕೊರಿಯಾ' ಎಂಬುದು 918ರಿಂದ 1392ರವರೆಗೆ ಆಳಿದ ಕೊರ್ಯೊ ರಾಜ್ಯದಿಂದ ಹೊರಗಿನವರು ಹಿಡಿದುಕೊಂಡ ಹೆಸರು. ಎರಡೂ ಕಡೆಯವರು ತಮ್ಮ ಭಾಷೆಯಲ್ಲಿ ತಮಗೆ ಹಾಗೆ ಹೇಳಿಕೊಳ್ಳುವುದಿಲ್ಲ.

ದಕ್ಷಿಣದ ರಾಜಧಾನಿ ಸೋಲ್‌ನವರು ಮಾತಿನಲ್ಲಿ 'ಹಾಂಗುಕ್ ಸಾರಾಮ್' ಎನ್ನುತ್ತಾರೆ. ಹಾಂಗುಕ್ ಎಂದರೆ ಅವರ ದೇಶ. ಸಾರಾಮ್ ಎಂದರೆ ಮನುಷ್ಯ, ಅಚ್ಚ ದೇಶ್ಯ ಪದ. ಪತ್ರಿಕೆ, ಅರ್ಜಿಗಳಲ್ಲಿ 'ಹಾಂಗುಗಿನ್'. ಇದರ ಕೊನೆಯ 'ಇನ್' ಚೀನೀ ಮೂಲದ್ದು, ಈ ಅರ್ಥದಲ್ಲಿ ಒಂಟಿಯಾಗಿ ನಿಲ್ಲದು. ಹೊಸಬರು ಎರಡನ್ನೂ ಸೇರಿಸಿ 'ಹಾಂಗುಗಿನ್ ಸಾರಾಮ್' ಎಂದುಬಿಡುತ್ತಾರೆ, ಅದು ದ್ವಿರುಕ್ತಿ.

ಉಚ್ಚಾರಣೆಯಲ್ಲಿ ಇಂಗ್ಲಿಷ್ ಮೂಲಕ ಕಲಿಯುವವರಿಗಿಂತ ನಮಗೆ ಅನುಕೂಲ ಹೆಚ್ಚು. ಹಾಂಗುಕ್ + ಇನ್ = ಹಾಂಗುಗಿನ್: ವಾಕ್ + ಈಶ = ವಾಗೀಶ ಆದ ಹಾಗೆ. ಹಾಂಗುಕ್ + ಮಾಲ್ (ಮಾತು) = ಹಾಂಗುಙ್ಮಾಲ್: ವಾಙ್ಮಯವೇ! ಶಾಲೆಯಲ್ಲಿ ಬಾಯಿಪಾಠ ಮಾಡಿದ ಅನುನಾಸಿಕ ಸಂಧಿ ಇಲ್ಲಿ ನೇರ ಉಪಯೋಗಕ್ಕೆ ಬರುತ್ತದೆ. 'ಹಾಂಗುಕ್‌ಮಾಲ್' ಎಂದು ಕ್ ಒತ್ತಿ ಹೇಳಿದರೆ ಕಿವಿಗೆ ತಕ್ಷಣ ಎಡವುತ್ತದೆ.

ಉತ್ತರದವರು 'ಜೊಸನ್ ಸಾರಾಮ್', ಅವರ ಮಾತು 'ಜೊಸನ್ಮಾಲ್'. 1392ರಲ್ಲಿ ಶುರುವಾದ ಜೊಸನ್ ರಾಜ್ಯವನ್ನು ದೊರೆ ಗೊಜೊಂಗ್ 1897ರಲ್ಲಿ 'ದೇಹಾನ್' ಸಾಮ್ರಾಜ್ಯವೆಂದು ಕರೆದ. 1910ರಲ್ಲಿ ನುಂಗಿಹಾಕಿದ ಜಪಾನ್ ಮತ್ತೆ ಹಳೆಯ ಹೆಸರನ್ನೇ ಹೇರಿತು. 1919ರಲ್ಲಿ ಶಾಂಘೈನಲ್ಲಿ ಕೂಡಿದ ತಾತ್ಕಾಲಿಕ ಸರ್ಕಾರ ತನ್ನನ್ನು 'ದೇಹಾನ್ ಮಿಂಗುಕ್' ಎಂದುಕೊಂಡಿತು; ಹಾಂಗುಕ್ ಅದರ ಚಿಕ್ಕ ರೂಪ. 1948ರಲ್ಲಿ ದಕ್ಷಿಣ ಆ ಹೆಸರನ್ನು, ಉತ್ತರ ಜೊಸನ್ ಅನ್ನು ಇಟ್ಟುಕೊಂಡವು. ಪಕ್ಕದವರನ್ನು ಕರೆಯುವಾಗಲೂ ತಮ್ಮ ಹೆಸರೇ: ದಕ್ಷಿಣದವರಿಗೆ ಉತ್ತರ 'ಬುಖಾನ್'; ಉತ್ತರದವರಿಗೆ ದಕ್ಷಿಣ 2023ರ ತನಕ ದಶಕಗಳ ಕಾಲ 'ನಾಮ್‌ಜೊಸನ್' ಆಗಿತ್ತು. ಆದ್ದರಿಂದ ಸೋಲ್‌ನವರನ್ನು ಜೊಸನ್ ಸಾರಾಮ್ ಎನ್ನಬೇಡಿ.

ದಕ್ಷಿಣದವರು ತಮ್ಮತಮ್ಮಲ್ಲಿ ಮಾತಾಡುವಾಗ 'ಉರಿ ನಾರಾ' (ನಮ್ಮ ದೇಶ) ಸಾಕು. ವಿನಯಕ್ಕೆಂದು 'ಉರಿ' ತೆಗೆದು ಅದರ ತಗ್ಗಿದ ರೂಪ 'ಜೊಹಿ' ಹಾಕಿ 'ಜೊಹಿ ನಾರಾ' ಎಂದರೆ ತಪ್ಪು: ಎದುರಿಗಿರುವವರೂ ಅದೇ ದೇಶದವರು, ಅವರ ಮುಂದೆ ದೇಶವನ್ನು ತಗ್ಗಿಸುವುದೇಕೆ?

ಜಪಾನಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ 1984ರಲ್ಲಿ ಈ ಭಾಷೆಯ ಪಾಠ ಶುರು ಮಾಡಿದಾಗ ಎರಡೂ ಹೆಸರನ್ನು ಬಿಟ್ಟು 'ಹಾಂಗುಲ್ ಪಾಠ' ಎಂದಿತು. ಲಿಪಿಯ ಹೆಸರನ್ನು ಭಾಷೆಗೆ ಅಂಟಿಸುವುದು ಶುದ್ಧ ತಪ್ಪು, ಆದರೂ ಜಾಣತನ.

ಚೀನಾದ ಯಾನ್‌ಬಿಯನ್‌ನ ಕೊರಿಯನ್ನರು ಜೊಸನ್‌ಜೊಕ್. 1937ರಲ್ಲಿ ಸ್ಟಾಲಿನ್ ಸೋವಿಯತ್ ಪೂರ್ವ ತುದಿಯಿಂದ ಕಜಕಸ್ತಾನ್, ಉಜ್ಬೇಕಿಸ್ತಾನಗಳಿಗೆ ಸಾಗಹಾಕಿದ ಕೊರಿಯನ್ನರ ಮಕ್ಕಳು ಮೊಮ್ಮಕ್ಕಳು ಮಾತ್ರ ಇಂದಿಗೂ 'ಕೊರ್ಯೊ ಸಾರಾಮ್', ಅವರ ಪತ್ರಿಕೆ 'ಕೊರ್ಯೊ ಇಲ್ಬೊ'.