ಬೆರಳಿನ ಶಾಯಿಗೆ ಮೀಟರ್ ಹಚ್ಚಿದಾಗ

ಮತ ಹಾಕಿ ಬಂದ ದಿನ, ಎಡಗೈ ತೋರುಬೆರಳಿನ ಗುರುತಿಗೆ, ವಿದ್ಯುತ್ ಹರಿಯುವುದೇ ಎಂದು ಅಳೆದು ತೋರಿಸುವ ಮಲ್ಟಿಮೀಟರಿನ ಎರಡೂ ತುದಿಗಳನ್ನು ಒತ್ತಿ ನೋಡಿದೆ. ಮೈಸೂರಿನಲ್ಲಿ ತಯಾರಾಗಿ 1962ರಿಂದ ಚುನಾವಣೆಗಳಲ್ಲಿ ಬಳಕೆಯಾಗುತ್ತಿರುವ ಆ ಶಾಯಿಯಲ್ಲಿರುವುದು ಸಿಲ್ವರ್ ನೈಟ್ರೇಟ್. ಲೋಹಗಳಲ್ಲೆಲ್ಲ ಬೆಳ್ಳಿಯೇ ವಿದ್ಯುತ್ತಿನ ಅತ್ಯುತ್ತಮ ವಾಹಕ. ಆದರೂ ಮೀಟರು ಬರಿಯ ಚರ್ಮಕ್ಕೂ ಗುರುತಿಗೂ ಭೇದವೆಣಿಸಲಿಲ್ಲ. ಬೆಳಕು ತಾಗಿ ಚರ್ಮದಲ್ಲಿ ಮೂಡುವ ಬೆಳ್ಳಿಯ ಕಣಗಳು ಒಂದನ್ನೊಂದು ಮುಟ್ಟದೆ ಚದುರಿಕೊಂಡಿರುವುದರಿಂದ, ಅವು ಕಪ್ಪು ಬಣ್ಣವನ್ನು ಕೊಡಬಲ್ಲವೇ ಹೊರತು ವಿದ್ಯುತ್ತಿಗೆ ದಾರಿಯನ್ನಲ್ಲ.

ಮೈಮೇಲೆ ಬಳಿಯುವ, ವಿದ್ಯುತ್ ಹರಿಸುವ ವಾಹಕ ಶಾಯಿಗಳ ತೊಡಕೆಲ್ಲ ಈ ಮುಟ್ಟುವಿಕೆಯಲ್ಲೇ ಇದೆ. ಬೆಳ್ಳಿಯ ಕಣಗಳುಳ್ಳ ಅನೇಕ ಶಾಯಿಗಳನ್ನು ನೂರು ಡಿಗ್ರಿಗೂ ಮಿಗಿಲಾಗಿ ಕಾಯಿಸಿದರೆ ಮಾತ್ರ ಕಣಗಳು ಬೆಸೆದುಕೊಳ್ಳುತ್ತವೆ; ಕಾಗದ ಅದನ್ನು ತಾಳೀತು, ಅಂಗೈ ತಾಳದು. 2018ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ಮೈಕೆಲ್ ಮೆಕ್‌ಆಲ್ಪೈನ್ ಅವರ ತಂಡವು ಕೋಣೆಯ ಉಷ್ಣತೆಯಲ್ಲೇ ಗಟ್ಟಿಯಾಗುವ, ಬೆಳ್ಳಿಯ ಚಕ್ಕೆಗಳ ಶಾಯಿಯಿಂದ ಕೈಯ ಮೇಲೆಯೇ ನೇರವಾಗಿ ಸರ್ಕ್ಯೂಟನ್ನು ಮುದ್ರಿಸಿತು. ಅದನ್ನು ಚಿಮಟದಿಂದ ಎತ್ತಬಹುದಿತ್ತು, ನೀರಿನಿಂದ ತೊಳೆಯಲೂಬಹುದಿತ್ತು.

ಬೆಳ್ಳಿಯ ಬದಲು ಇಂಗಾಲವನ್ನು ಬಳಸುವ ದಾರಿ ಅಗ್ಗ, ಸರಳ. ಲಂಡನ್ನಿನ ಬೇರ್ ಕಂಡಕ್ಟಿವ್ ಸಂಸ್ಥೆ ಹುಟ್ಟಿದ್ದೇ ಚರ್ಮಕ್ಕೆ ಬಳಿಯುವ ಇಂತಹ ಶಾಯಿಯಿಂದ. 2009ರಲ್ಲಿ ಗಾಯಕ ಕ್ಯಾಲ್ವಿನ್ ಹ್ಯಾರಿಸ್ ಅದನ್ನು ಬಳಿದುಕೊಂಡ ಕಲಾವಿದರನ್ನು ನಿಲ್ಲಿಸಿ, ಅವರ ಸ್ಪರ್ಶದಿಂದಲೇ ಸ್ವರ ಹೊರಡಿಸಿದರು. ಅದೇ ಸಂಸ್ಥೆ ಬಳಿಕ ಮಾರಿದ ಎಲೆಕ್ಟ್ರಿಕ್ ಪೇಂಟಿನ ರೋಧ, 50 ಮೈಕ್ರಾನ್ ದಪ್ಪದ ಪದರಕ್ಕೆ, ಉದ್ದಗಲ ಸಮವಿರುವ ಚೌಕವೊಂದಕ್ಕೆ ಸುಮಾರು 55 ಓಮ್. ಅಂದರೆ ಅಗಲದ ಹತ್ತರಷ್ಟು ಉದ್ದದ ಗೆರೆಗೆ 550 ಓಮ್; ಸ್ಪರ್ಶವನ್ನು ಗುರುತಿಸಲು ಇದು ಧಾರಾಳ, ಮೋಟಾರು ತಿರುಗಿಸಲು ನಿಷ್ಪ್ರಯೋಜಕ.

ನನಗೆ ಹೆಚ್ಚು ಅರ್ಥಪೂರ್ಣವೆನಿಸುವುದು ಆಟದ ಸ್ವರಗಳಲ್ಲ, ಮಿದುಳಿನ ವಿದ್ಯುತ್ ಸಂಕೇತಗಳನ್ನು ನೆತ್ತಿಯ ಮೇಲಿಂದ ದಾಖಲಿಸುವ ಇಇಜಿ. ಕೂದಲಿನ ನಡುವೆ ಜೆಲ್ ಹಚ್ಚಿ ಅಂಟಿಸುವ ಎಲೆಕ್ಟ್ರೋಡುಗಳು ಜೆಲ್ ಒಣಗಿದಂತೆ ಸಂಪರ್ಕ ಕಳೆದುಕೊಳ್ಳುತ್ತವೆ. ಟೆಕ್ಸಾಸ್ ವಿಶ್ವವಿದ್ಯಾಲಯದ ನಾನ್ಶು ಲೂ ಮತ್ತು ಸಂಗಡಿಗರು ವಾಹಕ ಪಾಲಿಮರಿನ ಶಾಯಿಯನ್ನು ಗಿಡ್ಡಕೂದಲಿನ ನೆತ್ತಿಯ ಮೇಲೆ ಮುದ್ರಿಸಿ, ಅದು ಕನಿಷ್ಠ 24 ಗಂಟೆ ಸ್ಥಿರವಾಗಿ ಕೆಲಸ ಮಾಡಿದ್ದನ್ನು 2024ರಲ್ಲಿ ಪ್ರಕಟಿಸಿದರು. ಶಾಯಿಯು ಕೂದಲಿನ ಸಂದಿಯಲ್ಲಿ ಇಳಿದು ಚರ್ಮವನ್ನೇ ತಲುಪುವುದು ಇದರ ಗುಟ್ಟು.

ಒಂದು ಎಚ್ಚರಿಕೆ: ಡಬ್ಬಿಯ ಮೇಲೆ "ವಿಷಕಾರಿಯಲ್ಲ" ಎಂದಿದ್ದರೆ ಬೆರಳಿಗೆ ತಾಗಿದರೆ ಅಪಾಯವಿಲ್ಲವೆಂದಷ್ಟೇ ಅರ್ಥ, ಬೆವರುವ ಮೈಗೆ ಗಂಟೆಗಟ್ಟಲೆ ಬಳಿದುಕೊಳ್ಳಬಹುದೆಂದಲ್ಲ. ದ್ರಾವಕದ ವಾಸನೆಯುಳ್ಳ ಬೆಳ್ಳಿಶಾಯಿಯನ್ನಂತೂ ಸರ್ಕ್ಯೂಟ್ ಹಲಗೆಗಷ್ಟೇ ಮೀಸಲಿಡಬೇಕು, ಮೈಮೇಲಿನ ಗೆರೆಯನ್ನು ಚಿಕ್ಕ ಬ್ಯಾಟರಿಯ ಹೊರತು ಬೇರಾವುದಕ್ಕೂ ಜೋಡಿಸಬಾರದು.