ಎರಡು ಬೆರಳಿನ ಬ್ಲೂಸ್

ಪಿಯಾನೊ ಸ್ಟೂಲ್ ಇರುವುದು ಕೂರಲು, ಹತ್ತಲು ಅಲ್ಲ. ಇದು ನನಗೂ ಗೊತ್ತಿತ್ತು. ಆದರೂ ಬಲ್ಬ್ ಬದಲಾಯಿಸಬೇಕಾದಾಗ ಕೈಗೆ ಸಿಕ್ಕಿದ್ದು ಅದೇ. ಅದು ಗಿರಗಿರ ತಿರುಗುವ ಸ್ಟೂಲ್ ಅನ್ನೋದು ನೆನಪಾಗಿದ್ದು ನೆಲಕ್ಕೆ ಬಿದ್ದ ಮೇಲೆ.

ಎಡ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಆರು ವಾರ ಪ್ಲಾಸ್ಟರ್. "ಭಾರ ಎತ್ತಬೇಡಿ, ಆದ್ರೆ ಬೆರಳು ಆಡಿಸ್ತಾ ಇರಿ. ಇಲ್ಲಾಂದ್ರೆ ಬಿಗಿದುಕೊಳ್ಳುತ್ತೆ" ಅಂದರು ಡಾಕ್ಟರು. ಪ್ಲಾಸ್ಟರಿನ ಬಾಯಿಂದ ಐದು ಬೆರಳು ಆಮೆಯ ತಲೆಯ ಹಾಗೆ ಹೊರಗೆ ಇಣುಕುತ್ತಿದ್ದವು.

ನಿಜ ಹೇಳಬೇಕೆಂದರೆ ಒಳಗೊಳಗೇ ಸ್ವಲ್ಪ ಖುಷಿಯಾಗಿತ್ತು. ನಲವತ್ತು ದಾಟಿದ ಮೇಲೆ ಜಾಝ್ ಪಿಯಾನೊ ಕಲಿಯಲು ಹೊರಟವರಿಗೆ ಎಡಗೈ ಎಂಥ ಶತ್ರು ಅಂತ ಗೊತ್ತಿರುತ್ತದೆ. ಬಲಗೈ ಹೇಗೋ ಹಾಡಿಕೊಂಡು ಹೋಗುತ್ತದೆ. ಎಡಗೈ ಮಾತ್ರ ಪ್ರತಿ ಸಲವೂ ತಡವಾಗಿ ಬಂದು, ತಪ್ಪು ಮನೆಯ ಬಾಗಿಲು ತಟ್ಟುತ್ತದೆ. ಮೂರು ವರ್ಷದಿಂದ ಇದೇ ಜಗಳ. ಈಗ ಆರು ವಾರ ರಜೆ.

ಮೇಷ್ಟ್ರಿಗೆ ಫೋನ್ ಮಾಡಿದೆ.

"ಸರ್, ಕೈ ಮುರಿದಿದೆ. ಆರು ವಾರ ಬರೋಕಾಗಲ್ಲ."

"ಅಯ್ಯೋ, ಯಾವ ಕೈ?"

"ಎಡಗೈ ಸರ್."

"ಬಲಗೈ ಚೆನ್ನಾಗಿದೆಯಾ?"

"ಚೆನ್ನಾಗಿದೆ."

"ಸರಿ, ನೋವು ಇಳಿದ ಮೇಲೆ ಶನಿವಾರ ಬನ್ನಿ" ಅಂದು ಫೋನ್ ಇಟ್ಟರು.

ನಮ್ಮ ಮೇಷ್ಟ್ರು ಬಹಳ ವರ್ಷ ಹೋಟೆಲ್ ಲಾಂಜ್‌ಗಳಲ್ಲಿ ಪಿಯಾನೊ ನುಡಿಸಿದವರು. ಜನ ಊಟ ಮಾಡುತ್ತಾ, ಮಾತಾಡುತ್ತಾ, ಚಮಚ ಬೀಳಿಸುತ್ತಾ ಇರುವಾಗ ಮೂಲೆಯಲ್ಲಿ ಕೂತು ನುಡಿಸುವ ಕೆಲಸ. "ಯಾರೂ ಕೇಳದ ಸಂಗೀತ ನುಡಿಸೋದರಲ್ಲಿ ನನ್ನನ್ನ ಮೀರಿಸೋರಿಲ್ಲ" ಅಂತ ಅವರೇ ಹೇಳಿಕೊಂಡು ನಗುತ್ತಾರೆ. ಹಾಗಾಗಿ ಅವರ ಹತ್ತಿರ ನೆಪಗಳು ನಡೆಯುವುದಿಲ್ಲ. ಜ್ವರ ಬಂದರೂ, ಪಿಯಾನೊದ ನಾಲ್ಕು ಕೀ ಕೆಲಸ ಮಾಡದಿದ್ದರೂ ಸಂಜೆ ಏಳಕ್ಕೆ ಶುರು ಮಾಡಲೇಬೇಕಿದ್ದ ಜೀವನ ಅದು.

ಮೂರನೇ ವಾರದ ಶನಿವಾರ ಹೋದೆ.

ಅವರು ಪ್ಲಾಸ್ಟರನ್ನು ಒಮ್ಮೆ ನೋಡಿದರು. ಏನೂ ಹೇಳಲಿಲ್ಲ. "ಕೂತ್ಕೊಳ್ಳಿ, ಮೊದಲು ಎರಡು ಪೀಸ್ ಕೇಳೋಣ" ಅಂದರು. ಎರಡೂ ಟ್ರಿಯೊ, ಅಂದರೆ ಮೂವರ ತಂಡದ ಥರ ಕೇಳಿಸುತ್ತಿದ್ದವು. ಮೊದಲನೆಯದು ಶುರುವಾದ ಹತ್ತು ಸೆಕೆಂಡಿಗೇ ಗೊತ್ತಾಯಿತು, ಜಾಝ್ ಪಿಯಾನೊದ ಆಸ್ಕರ್ ಪೀಟರ್ಸನ್. ಆ ವೇಗ, ಆ ಸ್ಪಷ್ಟತೆ ಇನ್ಯಾರದ್ದೂ ಅಲ್ಲ. ಎರಡು ಕೈ ಒಂದಕ್ಕೊಂದು ಪೈಪೋಟಿಗೆ ಬಿದ್ದ ಹಾಗೆ ಓಡುತ್ತಿದ್ದವು. ಎರಡನೆಯದೂ ಅವರದೇ ಅನ್ನಿಸಿತು, ಆದರೆ ಏನೋ ಬೇರೆ ಇತ್ತು.

"ಏನು ಬೇರೆ?" ಅಂದರು ಮೇಷ್ಟ್ರು.

"ಎರಡನೆಯದರಲ್ಲಿ ಜಾಗ ಜಾಸ್ತಿ ಇದೆ ಸರ್."

"ಅದರಲ್ಲಿ ಎಡಗೈ ಇಲ್ಲ ಕಣ್ರೀ" ಅಂದರು.

ಇಲ್ಲಿ ಒಂದು ತಪ್ಪೊಪ್ಪಿಗೆ. ನನಗೆ ಪೀಟರ್ಸನ್ ಅಂದರೆ ಅಷ್ಟಕ್ಕಷ್ಟೇ ಇತ್ತು. ಸ್ವರಗಳ ಸುರಿಮಳೆ, ಉಸಿರಾಡಲೂ ಬಿಡದ ಪಾಂಡಿತ್ಯ ಅಂತ ಕೆಲವು ವಿಮರ್ಶಕರು ಹೇಳುತ್ತಿದ್ದರಲ್ಲ, ನಾನೂ ಅದನ್ನೇ ಗಿಳಿಪಾಠ ಒಪ್ಪಿಸುತ್ತಿದ್ದೆ. ಇಂಥ ಅಭಿಪ್ರಾಯ ಇಟ್ಟುಕೊಂಡರೆ ಕೇಳಿ ತಿಳಿದವರ ಹಾಗೆ ಕಾಣಿಸುತ್ತೇವೆ ನೋಡಿ! ಆದರೆ ಅವರ ಬದುಕು ನನಗೆ ಗೊತ್ತಿರಲಿಲ್ಲ. ಅರ್ಧ ಗಂಟೆ ಮೇಷ್ಟ್ರು ಅದನ್ನೇ ಹೇಳಿದರು.

ಪೀಟರ್ಸನ್ ಹುಟ್ಟಿದ್ದು 1925ರಲ್ಲಿ, ಕೆನಡಾದ ಮಾಂಟ್ರಿಯಲ್‌ನಲ್ಲಿ. ಅಪ್ಪ ಕೆನಡಿಯನ್ ಪೆಸಿಫಿಕ್ ರೈಲಿನಲ್ಲಿ ಪೋರ್ಟರ್. ಆ ಕಾಲದಲ್ಲಿ ಅಲ್ಲಿನ ಕಪ್ಪು ಜನರಿಗೆ ಸಿಗುತ್ತಿದ್ದ ಕೆಲವೇ ಕೆಲಸಗಳಲ್ಲಿ ಅದೂ ಒಂದು. ಐದು ಮಕ್ಕಳಿಗೂ ಸಂಗೀತ ಕಡ್ಡಾಯ. ಅಪ್ಪ ಪಾಠ ಕೊಟ್ಟು ರೈಲು ಹತ್ತುತ್ತಿದ್ದರು, ವಾಪಸ್ ಬಂದಾಗ ಮಕ್ಕಳು ಒಪ್ಪಿಸಬೇಕಿತ್ತು. ಆಸ್ಕರ್ ಮೊದಲು ಹಿಡಿದಿದ್ದು ಟ್ರಂಪೆಟ್. ಕ್ಷಯ ಬಂದು ಆಸ್ಪತ್ರೆ ಸೇರಿದ ಮೇಲೆ ಊದುವ ವಾದ್ಯ ಬಿಡಬೇಕಾಯಿತು. ಪಿಯಾನೊ ಕಡೆಗೆ ಹೊರಳಿದ. ಅಕ್ಕ ಡೇಸಿ ಹೇಳಿಕೊಟ್ಟಳು. ಖಾಯಿಲೆ ಬಂದಿರದಿದ್ದರೆ ಏನಾಗುತ್ತಿತ್ತೋ ಅಂತ ಯೋಚಿಸಿದರೆ ತಮಾಷೆ ಅನ್ನಿಸುತ್ತದೆ.

ಮೇಷ್ಟ್ರಿಗೆ ಬಹಳ ಪ್ರೀತಿಯ ಕಥೆ ಮುಂದಿನದು. ಹುಡುಗ ಚೆನ್ನಾಗಿ ನುಡಿಸತೊಡಗಿದ, ಜೊತೆಗೆ ಸ್ವಲ್ಪ ಕೊಬ್ಬೂ ಬಂತು. ಅದನ್ನು ಇಳಿಸಲು ಅಪ್ಪ ಒಂದು ರೆಕಾರ್ಡ್ ತಂದು ಹಾಕಿದರು. ಆರ್ಟ್ ಟೇಟಮ್ ಅವರದು. ಕಣ್ಣು ಬಹುತೇಕ ಕಾಣದಿದ್ದ ಆ ಮನುಷ್ಯನ ಪಿಯಾನೊ ಕೇಳಿ ಆಸ್ಕರ್, ಇದು ಇಬ್ಬರು ಕೂತು ನುಡಿಸಿದ್ದು ಅಂದುಕೊಂಡನಂತೆ. ಅಲ್ಲ, ಒಬ್ಬನೇ ಅಂತ ತಿಳಿದಾಗ ಎದೆ ಒಡೆದುಹೋಯಿತು. ರಾತ್ರಿ ಅಳುತ್ತಿದ್ದ. ಎರಡು ತಿಂಗಳು ಪಿಯಾನೊ ಮುಟ್ಟಲಿಲ್ಲ.

"ಎರಡು ತಿಂಗಳು! ನೀವು ಆರು ವಾರಕ್ಕೇ ರಜಾ ಕೇಳಿದ್ರಲ್ಲ" ಅಂದರು ಮೇಷ್ಟ್ರು. ಲೆಕ್ಕ ನನ್ನ ಪರವಾಗಿಯೇ ಇತ್ತು, ಆದರೂ ಬಾಯಿ ಮುಚ್ಚಿಕೊಂಡೆ.

ಮುಂದಿನದು ಸಿನಿಮಾದ ಹಾಗೆ. 1949ರಲ್ಲಿ ನಾರ್ಮನ್ ಗ್ರಾಂಜ್ ಎಂಬ ಅಮೆರಿಕನ್ ಜಾಝ್ ಕಛೇರಿ ಸಂಘಟಕರು ಮಾಂಟ್ರಿಯಲ್‌ನಲ್ಲಿ ಟ್ಯಾಕ್ಸಿ ಹತ್ತಿ ವಿಮಾನ ನಿಲ್ದಾಣಕ್ಕೆ ಹೊರಟಿದ್ದರು. ರೇಡಿಯೊದಲ್ಲಿ ಪಿಯಾನೊ ಬರುತ್ತಿತ್ತು. ರೆಕಾರ್ಡ್ ಅಲ್ಲ, ಆಲ್ಬರ್ಟಾ ಲಾಂಜ್‌ನಿಂದ ನೇರ ಪ್ರಸಾರ ಅಂದ ಡ್ರೈವರ್. ವಿಮಾನ ಬಿಡು, ಗಾಡಿ ಅಲ್ಲಿಗೆ ತಿರುಗಿಸು ಅಂದರಂತೆ ಗ್ರಾಂಜ್. ಅದೇ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್. ಅಮೆರಿಕದಲ್ಲಿ ದುಡಿಯಲು ಪರವಾನಗಿ ಇಲ್ಲದ ಕಾರಣ ಪೀಟರ್ಸನ್ ಪ್ರೇಕ್ಷಕರ ನಡುವೆ ಕೂತಿದ್ದರು. ನಡುವೆ ಅವರನ್ನು ಅತಿಥಿ ಅಂತ ಮೇಲಕ್ಕೆ ಕರೆದರು. ಜೊತೆಗೆ ಇದ್ದದ್ದು ಬೇಸ್, ಅಂದರೆ ತಗ್ಗು ಸ್ವರಗಳ ದೊಡ್ಡ ತಂತಿವಾದ್ಯ ನುಡಿಸುವ ರೇ ಬ್ರೌನ್ ಒಬ್ಬರೇ. ಅಲ್ಲಿಂದ ಶುರುವಾಗಿದ್ದು ಸುಮಾರು ಆರು ದಶಕ ನಡೆಯಿತು. 1950ರ ದಶಕದಲ್ಲಿ ರೇ ಬ್ರೌನ್ ಮತ್ತು ಗಿಟಾರ್‌ನ ಹರ್ಬ್ ಎಲ್ಲಿಸ್ ಜೊತೆಗಿನ ಟ್ರಿಯೊದಲ್ಲಿ ಡ್ರಮ್ಸ್ ಕೂಡ ಇರಲಿಲ್ಲ. ಇದನ್ನು ಮೇಷ್ಟ್ರು ಒತ್ತಿ ಹೇಳಿದರು. ಯಾಕೆ ಅಂತ ಆಮೇಲೆ ತಿಳಿಯಿತು.

1993ರಲ್ಲಿ, ನ್ಯೂಯಾರ್ಕಿನ ಒಂದು ಕ್ಲಬ್ಬಿನಲ್ಲಿ ನುಡಿಸುತ್ತಿರುವಾಗಲೇ ಪಾರ್ಶ್ವವಾಯು ಹೊಡೆಯಿತು. ಬಲಿಯಾದದ್ದು ಎಡಭಾಗ. ಆರ್ಟ್ ಟೇಟಮ್‌ಗೆ ಉತ್ತರ ಕೊಡಲೆಂದೇ ಬೆಳೆಸಿದ್ದಂಥ ಎಡಗೈ ಅದು. ಅಷ್ಟಗಲ ಚಾಚಿ ಹತ್ತು ಸ್ವರದ ಅಂತರವನ್ನು ನಡೆಸಿಕೊಂಡು ಹೋಗುತ್ತಿದ್ದ ಎಡಗೈ. ಆಗ ಅವರಿಗೆ 67. ಸುಮಾರು ಎರಡು ವರ್ಷ ವೇದಿಕೆಯಿಂದ ದೂರ ಉಳಿದರು. ಆಮೇಲೆ ವಾಪಸ್ ಬಂದರು, ಬಹುಮಟ್ಟಿಗೆ ಬಲಗೈ ನಂಬಿಕೊಂಡೇ. ಎಡಗೈ ಅಲ್ಲೊಂದು ಇಲ್ಲೊಂದು ಸ್ವರ ಮುಟ್ಟಿ ಸುಮ್ಮನಾಗುತ್ತಿತ್ತು. 2005ರಲ್ಲಿ ಅವರ 80ನೇ ಹುಟ್ಟುಹಬ್ಬಕ್ಕೆ ಕೆನಡಾ ಅವರ ಚಿತ್ರದ ಅಂಚೆಚೀಟಿ ತಂದಿತು. 2007ರ ಡಿಸೆಂಬರ್‌ನಲ್ಲಿ ತೀರಿಕೊಂಡರು.

ಕೈ ಕೊಟ್ಟ ಕೈಗಳ ಕಥೆ ಜಾಝ್‌ನಲ್ಲಿ ಇನ್ನೂ ಇವೆ. ಪಿಯಾನೊ ವಾದಕ ಹೊರೇಸ್ ಪಾರ್ಲನ್‌ಗೆ ಚಿಕ್ಕಂದಿನಲ್ಲೇ ಪೋಲಿಯೊ ಆಗಿ ಬಲಗೈ ಬೆರಳುಗಳು ಸರಿಯಾಗಿ ಬಾಗುತ್ತಿರಲಿಲ್ಲ. ಅವರು ಬಲಗೈ ಕೆಲಸವನ್ನೂ ಎಡಗೈಗೆ ಕಲಿಸಿ ಬೇಸ್ ವಾದಕ ಚಾರ್ಲ್ಸ್ ಮಿಂಗಸ್‌ರ ತಂಡದಲ್ಲಿ ನುಡಿಸಿದರು. ಇನ್ನೊಬ್ಬ ಪಿಯಾನೊ ವಾದಕ ಕೀತ್ ಜ್ಯಾರೆಟ್‌ಗೆ 2018ರಲ್ಲಿ ಎರಡು ಸಲ ಪಾರ್ಶ್ವವಾಯು ಆಗಿ ಎಡಗೈ ಹೋಯಿತು. ಅವರದನ್ನು ಹೇಳುವಾಗ ಮೇಷ್ಟ್ರು ಬೇಗ ಮುಗಿಸಿದರು. ನಾನೂ ಅಷ್ಟಕ್ಕೇ ಬಿಡುತ್ತೇನೆ.

"ಸರಿ, ನುಡಿಸಿ. ಎಫ್ ಬ್ಲೂಸ್. ಬಲಗೈ ಮಾತ್ರ."

ಬ್ಲೂಸ್ ಅಂದರೆ 12 ಬಾರ್‌ಗಳ ಒಂದು ಸುತ್ತು. ಬಾರ್ ಅಂದರೆ ತಾಳದ ಒಂದು ಆವರ್ತದ ಹಾಗೆ. ಮುಗಿದ ಕೂಡಲೇ ಮತ್ತೆ ಮೊದಲಿಂದ. ಆ ಸುತ್ತಿನ ಮೇಲೆ ಮನೋಧರ್ಮಕ್ಕೆ ತಕ್ಕಂತೆ ಕಟ್ಟುತ್ತಾ ಹೋಗಬೇಕು. ಎಡಗೈ ಕಾಟವಿಲ್ಲದ ಬಲಗೈಗೆ ಇದಕ್ಕಿಂತ ಹಬ್ಬ ಉಂಟೇ? ಓಡಿದೆ. ಎರಡು ಸುತ್ತು, ಮೂರು ಸುತ್ತು. ಎಷ್ಟು ಚೆನ್ನಾಗಿ ಬರುತ್ತಿದೆಯಲ್ಲ ಅನ್ನಿಸುತ್ತಿರುವಾಗಲೇ ಮೇಷ್ಟ್ರು ಮೇಜು ತಟ್ಟಿದರು.

"ಈಗ ಯಾವ ಬಾರ್‌ನಲ್ಲಿದ್ದೀರಿ?"

"ಒಂಬತ್ತು?"

"ಏಳು. ಅದು ಬಿಡಿ, ಉಸಿರು ಯಾವಾಗ ತಗೊಂಡ್ರಿ?"

ತಗೊಂಡಿರಲೇ ಇಲ್ಲ. ಪೀಟರ್ಸನ್ ಮೇಲೆ ಹೊರಿಸುತ್ತಿದ್ದ ಆರೋಪ ನನ್ನ ಮೇಲೇ ಬಂದು ಕೂತಿತ್ತು. ಅವರು ಅಷ್ಟು ಸ್ವರ ನುಡಿಸಿದರೂ ಎಲ್ಲಿದ್ದೇನೆಂಬುದು ಸದಾ ಗೊತ್ತಿರುತ್ತಿತ್ತು. ನನಗೆ ಅದೂ ಇಲ್ಲ. ಮೂರು ವರ್ಷ ಎಡಗೈಯನ್ನು ಕೂಲಿಯಾಳು ಅಂದುಕೊಂಡಿದ್ದೆ. ಲೆಕ್ಕದ ಪುಸ್ತಕ ಇದ್ದದ್ದು ಅದರ ಹತ್ತಿರವೇ.

ಮೇಷ್ಟ್ರು ನನ್ನ ಪ್ಲಾಸ್ಟರ್ ಕೈಯನ್ನು ಹಕ್ಕಿಮರಿ ಎತ್ತಿಕೊಂಡ ಹಾಗೆ ಮೆಲ್ಲಗೆ ಎತ್ತಿ ನೋಡಿದರು. "ಬೆರಳು ಆಡುತ್ತಾ?" ಆಡಿಸಿ ತೋರಿಸಿದೆ. "ಡಾಕ್ಟರ್ ಏನಂದ್ರು?" ಹೇಳಿದೆ. "ನೋವಾದ್ರೆ ತಕ್ಷಣ ನಿಲ್ಲಿಸಬೇಕು, ಆಯ್ತಾ?" ಅಂದು ಕಿರುಬೆರಳನ್ನು ಎ ಮೇಲೂ, ಹೆಬ್ಬೆರಳನ್ನು ಇ ಫ್ಲ್ಯಾಟ್ ಮೇಲೂ ಇಟ್ಟರು.

"ಇದು ನಿಮ್ಮ ಎಫ್ ಸೆವೆನ್."

"ಸರ್, ಇದರಲ್ಲಿ ಎಫ್ ಸ್ವರವೇ ಇಲ್ಲ."

"ಅದು ಬೇಸ್ ನುಡಿಸೋನ ಕೆಲಸ. ಇವತ್ತು ನಾನೇ ಬೇಸ್."

ಷಡ್ಜ ಬಿಟ್ಟು ಗಾಂಧಾರ, ನಿಷಾದ ಎರಡನ್ನೇ ಹಿಡಿದ ಹಾಗೆ ಅದು. ಆ ಎರಡರಲ್ಲೇ ಆ ಕಾರ್ಡ್‌ನ, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛದ ಜೀವ ಇರುತ್ತದೆ. ಆಮೇಲೆ ತೋರಿಸಿದ್ದು ನೋಡಿ ದಂಗಾದೆ. ಎರಡೂ ಬೆರಳನ್ನು ಒಂದೊಂದು ಕೀ ಕೆಳಕ್ಕೆ ಸರಿಸಿದರೆ ಎ ಫ್ಲ್ಯಾಟ್ ಮತ್ತು ಡಿ. ಅದು ಬಿ ಫ್ಲ್ಯಾಟ್ ಸೆವೆನ್! ಮೊದಲಿನ ಜಾಗದಿಂದ ಒಂದೊಂದು ಕೀ ಮೇಲಕ್ಕೆ ಸರಿಸಿದರೆ ಬಿ ಫ್ಲ್ಯಾಟ್ ಮತ್ತು ಇ. ಅದು ಸಿ ಸೆವೆನ್. ಎಫ್ ಬ್ಲೂಸ್‌ಗೆ ಬೇಕಾದದ್ದು ಈ ಮೂರೇ. ನಡುಮನೆ ನಾಲ್ಕು ಬಾರ್, ಕೆಳಗೆ ಎರಡು, ನಡುಮನೆ ಎರಡು, ಮೇಲೆ ಒಂದು, ಕೆಳಗೆ ಒಂದು, ಮತ್ತೆ ನಡುಮನೆ ಎರಡು. ಹನ್ನೆರಡಾಯಿತು. ಎರಡು ಬೆರಳಿಗೆ ಇಡೀ ಬ್ಲೂಸ್ ಸಿಗುತ್ತದೆ ಅಂತ ಮೂರು ವರ್ಷ ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ಮೊದಲನೇ ತಿಂಗಳೇ ಹೇಳಿದ್ದೆ. ನಿಮಗೆ ಐದು ಬೆರಳೂ ಬೇಕಿತ್ತು" ಅಂದರು.

ಅವರು ನನ್ನ ಎಡಕ್ಕೆ ಕೂತು ಕೆಳಗಿನ ಕೀಗಳಲ್ಲಿ ಬೇಸ್ ಶುರು ಮಾಡಿದರು. ಒಂದೇ ಅಳತೆಯ ಹೆಜ್ಜೆ. ನಾನು ಎರಡು ಬೆರಳು ಒತ್ತಿದೆ. ಜೊತೆಗೇ ಟಕ್ ಅಂತ ಸದ್ದು. ಪ್ಲಾಸ್ಟರ್ ಹೋಗಿ ಕೀಗಳ ಮುಂದಿನ ಮರದ ಪಟ್ಟಿಗೆ ಬಡಿದಿತ್ತು. ಮತ್ತೆ ಒತ್ತಿದೆ. ಮತ್ತೆ ಟಕ್.

"ಓ, ಡ್ರಮ್ಮರ್ ಕೂಡ ಬಂದ! ನಿಲ್ಲಿಸಬೇಡಿ" ಅಂದರು ಮೇಷ್ಟ್ರು, ಬೇಸ್ ಬಿಡದೆ.

ಪ್ಲಾಸ್ಟರ್ ಹಾಕಿದ ಕೈಗೆ ಒಂದು ಕೀ ದೂರ ಸರಿಯುವುದೂ ದೊಡ್ಡ ಪ್ರಯಾಣ. ಬೆರಳು ಸಾಲದು, ಮೊಣಕೈಯಿಂದಲೇ ಇಡೀ ತೋಳು ಸರಿಯಬೇಕು. ಅದರ ಕಡೆ ಗಮನ ಹೋದಾಗಲೆಲ್ಲ ಬಲಗೈ ತಾನಾಗಿ ನಿಂತು ಕಾಯುತ್ತಿತ್ತು. ಕಾದು, ಆಮೇಲೆ ಏನೋ ಒಂದು ಸಣ್ಣದು ಹೇಳುತ್ತಿತ್ತು. ಮತ್ತೆ ಟಕ್. ಮತ್ತೆ ಕಾಯುವುದು. ಆ ಖಾಲಿ ಜಾಗದಲ್ಲಿ ಮೇಷ್ಟ್ರ ಬೇಸ್ ಮೊದಲ ಸಲ ನನಗೆ ಪೂರ್ತಿ ಕೇಳಿಸಿತು. ಮೂರು ವರ್ಷದಿಂದ ಪಕ್ಕದಲ್ಲೇ ಕೂತು ನುಡಿಸುತ್ತಿದ್ದರು ಅವರು.

ಬೆಳಿಗ್ಗೆ ಕೇಳಿದ ಎರಡನೇ ಪೀಸ್ ನೆನಪಾಯಿತು. ಹೋಲಿಸುತ್ತಿದ್ದೇನೆ ಅಂದುಕೊಳ್ಳಬೇಡಿ. ಪೀಟರ್ಸನ್ ಬಲಗೈ ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುತ್ತಿತ್ತು, ನನ್ನದು ಬೇರೆ ದಾರಿಯಿಲ್ಲದೆ ನಿಲ್ಲುತ್ತಿತ್ತು. ಅವರಿಗೆ ಆ ಎಡಗೈ ವಾಪಸ್ ಬರಲಿಲ್ಲ. ನನ್ನದು ಇನ್ನು ಮೂರು ವಾರದಲ್ಲಿ ಬರುತ್ತದೆ. ಆದರೆ ಎಡಗೈ ಕೇಳಿಸದ ಜಾಗದಲ್ಲಿ ರೇ ಬ್ರೌನ್ ಥರದ ಗೆಳೆಯರ ಬೇಸ್ ನಡೆಯುತ್ತಿರುತ್ತದೆ ಅಂತ, ಬೇಸ್‌ನವರ ಮೇಲೆ ಅಷ್ಟು ಭಾರ ಬಿಡಲು ನಂಬಿಕೆ ಬೇಕು ಅಂತ, ಅವತ್ತು ಬೆಂಚಿನ ಮೇಲೆ ಕೂತಾಗ ಹೊಳೆಯಿತು. ಡ್ರಮ್ಸ್ ಇಲ್ಲದ ಟ್ರಿಯೊ ಬಗ್ಗೆ ಮೇಷ್ಟ್ರು ಯಾಕೆ ಒತ್ತಿ ಹೇಳಿದ್ದರು ಅನ್ನೋದೂ.

ಎಷ್ಟು ಸುತ್ತು ನುಡಿಸಿದೆವೋ ಎಣಿಸಲಿಲ್ಲ. ಆದರೆ ಯಾವ ಬಾರ್‌ನಲ್ಲಿದ್ದೇನೆ ಅಂತ ಪ್ರತಿ ಕ್ಷಣವೂ ಗೊತ್ತಿತ್ತು.

ಆರು ವಾರಕ್ಕೆ ಪ್ಲಾಸ್ಟರ್ ಕತ್ತರಿಸಿದರು. ಒಳಗಿಂದ ಬಂದ ಕೈ ಬಿಳುಚಿಕೊಂಡು, ಸಣ್ಣಗಾಗಿ, ಬೇರೆ ಯಾರದೋ ಕೈ ಹಾಗಿತ್ತು. ಆ ಶನಿವಾರ ಮೇಷ್ಟ್ರ ಮುಂದೆ ಕೂತು ಬಹಳ ಉತ್ಸಾಹದಿಂದ ನಾಲ್ಕು ಬೆರಳಿನ ತುಂಬು ಕಾರ್ಡ್ ಹಿಡಿದು ಎಫ್ ಬ್ಲೂಸ್ ಶುರು ಮಾಡಿದೆ. ಎರಡನೇ ಸುತ್ತಿಗೇ ಬಲಗೈ ಹಳೇ ಚಾಳಿ ಹಿಡಿದು ಓಡತೊಡಗಿತ್ತು.

ಮೇಷ್ಟ್ರು ಬೇಸ್ ನಿಲ್ಲಿಸಿದರು. ಸುತ್ತಮುತ್ತ ನೋಡಿದರು.

"ಡ್ರಮ್ಮರ್ ಬಂದಿಲ್ವಾ ಇವತ್ತು?"

ನಾನು ಎರಡು ಬೆರಳು ಎತ್ತಿಕೊಂಡೆ. ಉಳಿದ ಎರಡನ್ನು ಎ ಮತ್ತು ಇ ಫ್ಲ್ಯಾಟ್ ಮೇಲೆ ಬಿಟ್ಟು, ಹಿಮ್ಮಡಿಯಿಂದ ನೆಲಕ್ಕೆ ಟಕ್ ಅಂತ ಬಡಿದೆ.