ಭುಜದೆತ್ತರದ ಸಾಕೆಟ್‌ಗಳು

ಬ್ರಿಸ್ಬೇನ್‌ನ ನೈಋತ್ಯ ಭಾಗದ ಬಡಾವಣೆಯೊಂದರಲ್ಲಿ ನೋಡಿದ ಆ ಮನೆ ನನಗೆ ಕಾಲಿಟ್ಟ ಕೂಡಲೇ ಹಿಡಿಸಿಬಿಟ್ಟಿತ್ತು. ಪೂರ್ವಕ್ಕೆ ಬಾಗಿಲು, ಹಿತ್ತಿಲಲ್ಲಿ ಮಾವಿನ ಮರ, ರೈಲು ನಿಲ್ದಾಣಕ್ಕೆ ಹತ್ತು ನಿಮಿಷದ ನಡಿಗೆ. ಬೆಲೆಯೂ ಸುತ್ತಲಿನ ಮನೆಗಳಿಗಿಂತ ಕಡಿಮೆ. ಹೆಂಡತಿ ಮಾತ್ರ ಕೆಳಗಿನ ಕೋಣೆಯಲ್ಲಿ ಗೋಡೆ ನೋಡುತ್ತ ನಿಂತೇ ಇದ್ದಳು.

“ಇಲ್ಲಿ ನೋಡಿ, ಸಾಕೆಟ್‌ಗಳೆಲ್ಲ ನನ್ನ ಭುಜದ ಎತ್ತರಕ್ಕೆ ಯಾಕಿವೆ?”

ಇಲ್ಲಿನ ಮನೆಗಳಲ್ಲಿ ವಿದ್ಯುತ್ ಸಾಕೆಟ್‌ಗಳನ್ನು ಸಾಮಾನ್ಯವಾಗಿ ಮೊಣಕಾಲಿಗಿಂತ ಕೆಳಗೆ ಕೂರಿಸುತ್ತಾರೆ. ಆ ಕೋಣೆಯಲ್ಲಿ ಒಂದೂ ಕೆಳಗಿರಲಿಲ್ಲ. ಗೋಡೆಯ ಕೆಳಗಿನ ಅರ್ಧಕ್ಕೆ ಹೊಸ ಹಲಗೆ, ಮೇಲಿನ ಅರ್ಧಕ್ಕೆ ಹಳೆಯದು. ಎರಡಕ್ಕೂ ಒಂದೇ ಬಣ್ಣ ಬಳಿದಿದ್ದರೂ ನಡುವಿನ ಗೆರೆ ಬೆರಳಿಗೆ ಸಿಗುತ್ತಿತ್ತು. ಏಜೆಂಟರನ್ನು ಕೇಳಿದರೆ, ಹಿಂದಿನ ಮಾಲೀಕರಿಗೆ ಹಾಗೆ ಅನುಕೂಲವಾಗಿತ್ತಂತೆ ಎಂದಷ್ಟೇ ಹೇಳಿ ಅಡುಗೆಮನೆ ತೋರಿಸಲು ಹೊರಟರು.

ಆ ರಾತ್ರಿ ನಗರಪಾಲಿಕೆಯ ಜಾಲತಾಣದಲ್ಲಿ ಮನೆಯ ವಿಳಾಸ ಕೊಟ್ಟು ಫ್ಲಡ್‌ವೈಸ್ ವರದಿ ಇಳಿಸಿಕೊಂಡೆ. ಇದಕ್ಕೆ ಶುಲ್ಕವಿಲ್ಲ. ನಿವೇಶನದ ಅತಿ ತಗ್ಗಿನ ಜಾಗ ಸಮುದ್ರಮಟ್ಟದಿಂದ ಎಷ್ಟು ಮೀಟರ್ ಮೇಲಿದೆ, ನೆರೆ ಬಂದರೆ ನೀರು ಎಲ್ಲಿಯವರೆಗೆ ಏರಬಹುದು, ಆ ನೀರು ನದಿಯದೋ ತೊರೆಯದೋ ಎಂಬುದನ್ನೆಲ್ಲ ಅದು ಅಂಕಿಗಳಲ್ಲಿ ಹೇಳುತ್ತದೆ. ನಮಗೆ ಹಿಡಿಸಿದ್ದ ಮನೆಯ ಹಿತ್ತಿಲು 2011ರ ನೆರೆಯ ಮಟ್ಟಕ್ಕಿಂತ ಒಂದೂವರೆ ಮೀಟರ್ ಕೆಳಗಿತ್ತು. ಸಾಕೆಟ್‌ಗಳು ಮೇಲೇರಿದ್ದರ ಕಾರಣ ಅಲ್ಲೇ ಸಿಕ್ಕಿತು.

ನಮ್ಮೂರು ಬಂಟ್ವಾಳ. ನೇತ್ರಾವತಿಯ ದಡದವರಿಗೆ ‘ಎಪ್ಪತ್ತನಾಲ್ಕರ ಬೊಳ್ಳ’ (ನೆರೆ) ಎಂದರೆ ಸಾಕು, ವಿವರಿಸಬೇಕಾಗಿಲ್ಲ. ಆ ವರ್ಷದ ಜುಲೈಯಲ್ಲಿ ಪೇಟೆಯೇ ಮುಳುಗಿತ್ತು. ಅಪ್ಪ ಆಗ ಹುಡುಗ. ಅದೇ 1974ರ ಜನವರಿಯಲ್ಲಿ ಬ್ರಿಸ್ಬೇನ್ ನದಿಯೂ ನಗರದ ಮಾಪಕದಲ್ಲಿ 5.45 ಮೀಟರ್ ಏರಿತ್ತು ಎಂದು ಫೋನಿನಲ್ಲಿ ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: “ಅದಾದ ಮೇಲೆ ಬಂದಿಲ್ಲವಾ?”

ಬಂದಿದೆ. 1974ರ ನಂತರ ಮೇಲ್ಭಾಗದಲ್ಲಿ ವೈವೆನ್‌ಹೋ ಅಣೆಕಟ್ಟು ಕಟ್ಟಿದರು. ಇನ್ನು ಭಯವಿಲ್ಲ ಎಂದು ಬಹಳ ಜನ ನಂಬಿದರು. 2011ರ ಜನವರಿಯಲ್ಲಿ ನದಿ 4.46 ಮೀಟರ್ ಮುಟ್ಟಿತು, 2022ರ ಫೆಬ್ರವರಿಯಲ್ಲಿ 3.85. ಹಾಗೆಂದು 2022ರ ನೆರೆ ಸಣ್ಣದೆಂದು ತಿಳಿಯಬಾರದು. ಆ ಸಲ ಅಣೆಕಟ್ಟಿನ ಹಿಡಿತಕ್ಕೆ ಸಿಗದ ತೊರೆಗಳೇ ಉಕ್ಕಿ, ನದಿಯಿಂದ ದೂರವಿದ್ದ ಮನೆಗಳಿಗೂ ನುಗ್ಗಿದವು. ಆಮೇಲೆ ಸರಕಾರವೇ ತೀರ ತಗ್ಗಿನ ಕೆಲವು ಮನೆಗಳನ್ನು ಮಾಲೀಕರಿಂದ ಕೊಂಡು, ಕೆಡವಿ, ಜಾಗವನ್ನು ಬಯಲಾಗಿ ಬಿಟ್ಟಿತು. ಸಾಲುಮನೆಗಳ ನಡುವೆ ಹಲ್ಲು ಕಿತ್ತಂತೆ ಕಾಣುವ ಆ ಹಸಿರು ತುಂಡುಗಳ ಮುಂದೆ ಹಾದುಹೋಗುವಾಗ ಈಗಲೂ ಮನಸ್ಸು ಭಾರವಾಗುತ್ತದೆ.

‘ನೂರು ವರ್ಷಕ್ಕೊಮ್ಮೆ ಬರುವ ನೆರೆ’ ಎಂಬ ಮಾತು ಎಷ್ಟು ಜನರನ್ನು ದಾರಿ ತಪ್ಪಿಸಿದೆಯೋ. ಅದರ ಅರ್ಥ ಪ್ರತಿ ವರ್ಷವೂ ನೂರಕ್ಕೆ ಒಂದರಷ್ಟು ಸಾಧ್ಯತೆ ಎಂದು, ಈ ಸಲ ಬಂದರೆ ಇನ್ನು ನೂರು ವರ್ಷ ನಿಶ್ಚಿಂತೆ ಎಂದಲ್ಲ. ಮೂವತ್ತು ವರ್ಷದ ಸಾಲ ಮಾಡಿದವರು ಲೆಕ್ಕ ಹಾಕಿ ನೋಡಲಿ: ಸಾಲ ತೀರುವುದರೊಳಗೆ ಒಮ್ಮೆಯಾದರೂ ಅಂಥ ನೆರೆ ಕಾಣುವ ಸಾಧ್ಯತೆ ನೂರಕ್ಕೆ 26. ವಿಮಾ ಕಂಪನಿಗಳು ಈ ಲೆಕ್ಕವನ್ನು ಮರೆಯುವುದಿಲ್ಲ. ಆ ಮನೆಗೆ ನೆರೆಯ ವಿಮೆಯನ್ನೂ ಸೇರಿಸಿ ಕೇಳಿದಾಗ ಕಂತು ಮೂರು ಪಟ್ಟಿಗಿಂತ ಹೆಚ್ಚಾಯಿತು. ಮನೆಯ ಬೆಲೆ ಕಡಿಮೆಯಿದ್ದುದೂ ಆಗ ಅರ್ಥವಾಯಿತು.

ಊರಿನಿಂದ ಬಂದ ಗೆಳೆಯರು ಇಲ್ಲಿ ಎಲ್ಲವೂ ಕಾನೂನಿನಂತೆ ನಡೆಯುತ್ತದೆ, ಮೋಸವಿಲ್ಲ ಎಂದು ನೆಮ್ಮದಿಯಿಂದಿರುತ್ತಾರೆ. ಬ್ರಿಸ್ಬೇನ್ ಇರುವ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ 2025ರ ಆಗಸ್ಟ್ 1ರಿಂದ ಮಾರುವವರು ಒಪ್ಪಂದಕ್ಕೆ ಮೊದಲೇ ಆಸ್ತಿಯ ವಿವರಗಳ ಪತ್ರ ಕೊಡಬೇಕೆಂಬ ನಿಯಮ ಬಂದಿರುವುದು ನಿಜ. ಆದರೆ ಆ ಪತ್ರದಲ್ಲಿ ನೆರೆಯ ಚರಿತ್ರೆ ಹೇಳಲೇಬೇಕೆಂದಿಲ್ಲ! ಅದನ್ನು ಹುಡುಕುವ ಹೊಣೆ ಕೊಳ್ಳುವವರದೇ. ಸಹಿ ಹಾಕಿದ ಮೇಲೆ ಹಿಂದೆ ಸರಿಯಲು ಐದು ಕೆಲಸದ ದಿನಗಳ ಅವಕಾಶವಿದೆ, ಅದಕ್ಕೂ ಬೆಲೆಯ ಶೇ. 0.25ರವರೆಗೆ ದಂಡ ತೆರಬೇಕಾಗಬಹುದು. ಹರಾಜಿನಲ್ಲಿ ಕೂಗಿ ಕೊಂಡರೆ ಆ ಐದು ದಿನಗಳೂ ಇಲ್ಲ.

ಮುಂದೆ ನೋಡಿದ ಮನೆ ದಿಬ್ಬದ ಮೇಲಿನದು, ಕಂಬಗಳ ಮೇಲೆ ನಿಂತ ಹಳೆಯ ಮರದ ಮನೆ. ಕೆಡವಿ ಹೊಸದು ಕಟ್ಟೋಣವೆಂದುಕೊಂಡರೆ ಅದಕ್ಕೆ ಬೇರೆಯೇ ತಡೆ: ಹಳೆಯ ಬೀದಿಗಳ ಚಹರೆ ಉಳಿಸಲೆಂದು ಗುರುತಿಸಿದ ಪ್ರದೇಶಗಳಲ್ಲಿ 1946 ಅಥವಾ ಅದಕ್ಕೂ ಹಿಂದೆ ಕಟ್ಟಿದ ಮನೆಯನ್ನು ಸುಲಭವಾಗಿ ಕೆಡವುವಂತಿಲ್ಲ. ಆ ನಿಯಮ ನನಗೆ ಸರಿಯೆಂದೇ ತೋರುತ್ತದೆ, ನಮ್ಮ ಯೋಜನೆಗೆ ಮಾತ್ರ ಹೊಂದಲಿಲ್ಲ. ನಕ್ಷೆಯಲ್ಲಿ ಪಕ್ಕದ ನಿವೇಶನ ಯಾವ ವಲಯದ್ದೆಂದೂ ನೋಡಬೇಕು. ಇಂದು ಬೇಲಿಯಾಚೆ ಹೂದೋಟವಿದ್ದಲ್ಲಿ ನಾಳೆ ಮೂರು ಮಹಡಿ ಏಳಬಹುದು.

ಕೊನೆಗೆ ಕೊಂಡದ್ದು ಪಶ್ಚಿಮಕ್ಕೆ ಬಾಗಿಲಿರುವ ಚಿಕ್ಕ ಮನೆ. ಅಮ್ಮನಿಗೆ ದಿಕ್ಕಿನ ಬಗ್ಗೆ ಸ್ವಲ್ಪ ಬೇಸರವಿತ್ತು. 2025ರ ಮಾರ್ಚ್‌ನಲ್ಲಿ ಆಲ್ಫ್ರೆಡ್ ಚಂಡಮಾರುತದ ಮಳೆ ಸುರಿದು ನಿಂತ ಮೇಲೆ ಅಪ್ಪ ವಿಡಿಯೊ ಕರೆ ಮಾಡಿದರು. ನಾನು ಹೊಸ ಅಡುಗೆಮನೆ ತೋರಿಸಲು ಹೊರಟೆ. “ಅದು ಆಮೇಲೆ, ಮೊದಲು ಚರಂಡಿ ತೋರಿಸು” ಎಂದರು. ಬೀದಿಗಿಳಿದು ಫೋನನ್ನು ಕೆಳಗೆ ಬಾಗಿಸಿದೆ. ಕೆಂಪು ನೀರು ನಮ್ಮ ಗೇಟಿನ ಮುಂದಿನಿಂದ ಇಳಿಜಾರಿಗೆ ಭರದಿಂದ ಓಡುತ್ತಿತ್ತು. ಬೀದಿಯ ತಿರುವಿನವರೆಗೂ ಅದರ ಹಿಂದೆಯೇ ನಡೆಯಲು ಹೇಳಿದರು. ನಡೆದೆ. ಅಲ್ಲಿ ನೀರು ಕಾಲುವೆಗೆ ಬೀಳುವುದನ್ನು ಕಣ್ಣಾರೆ ನೋಡಿದ ಮೇಲೆ, “ಸರಿ, ಈಗ ಅಡುಗೆಮನೆ ತೋರಿಸು” ಎಂದರು.